ಟ್ಯಾಂಕಿನ್ಯಾಗ ನೀರು ಬಂದ್ರ ಮೊದಲು ಕೀಲಿ ತೆಗೀರಿ

ಮಿರಗ ಮಳೆ ಒಂದೆರಡು ಹದವಾಗಿ ಬಿದ್ದವೆಂದರೆ ಜೇವರ್ಗಿ, ಆಳಂದ, ಶಹಾಪುರ ಕಡೆ ಹೆಸರು, ತೊಗರಿ ಬಿತ್ತನೆಗೆ ಇಳಿದ ಟ್ರ್ಯಾಕ್ಟರುಗಳದ್ದು ಒಂದೇ ಥರದ ದೂರು. ಚಾಲೂ ಆಗುತ್ತದೆ, ಹತ್ತು ನಿಮಿಷ ಓಡುತ್ತದೆ, ಲೋಡ್ ಬಿದ್ದ ಕೂಡಲೇ ಎಳೆಯಲಾರದೆ ಬಂದ್ ಬೀಳುತ್ತದೆ. ಹೊಸ ಫಿಲ್ಟರ್ ಹಾಕಿ, ಏರ್ (ಪೈಪಿನಲ್ಲಿ ಸಿಕ್ಕ ಗಾಳಿ) ತೆಗೆದು ಮತ್ತೆ ಹೊಲಕ್ಕೆ ಹೊಡೆಯುತ್ತಾರೆ. ಮರುದಿನ ಮತ್ತೆ ನಡುಹೊಲದಲ್ಲಿ ನಿಂತಿರುತ್ತದೆ. ನೀರೂ ಹೊಲಸೂ ಡೀಸೆಲ್ ಟ್ಯಾಂಕಿನ ತಳದಲ್ಲೇ ಉಳಿದಿರುವಾಗ ಫಿಲ್ಟರ್ ಎಷ್ಟು ಸಲ ಬದಲಿಸಿದರೂ ಕಟ್ಟುವುದು ಕಟ್ಟುತ್ತಲೇ ಇರುತ್ತದೆ. ತೊಳೆಯುವುದಾದರೆ ಟ್ಯಾಂಕಿನಿಂದ ಶುರುಮಾಡಿ ಇಂಜಿನ್‌ಗೆ ಡೀಸೆಲ್ ಸಿಂಪಡಿಸುವ ನಾಜಲ್‌ವರೆಗೆ ಒಂದೇ ಸಲ ಪೂರ್ತಿ ತೊಳೆಯಬೇಕು.

ಅದಕ್ಕೂ ಮೊದಲಿನ ಕೆಲಸ ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳುವುದು. "ಇನ್ನೊಂದು ಸೆಲ್ಫ್ ಹೊಡಿ ತಮ್ಮಾ, ಹಿಡೀತದ" ಎಂದು ಸುತ್ತ ನಿಂತವರು ಹೇಳಿಯೇ ಹೇಳುತ್ತಾರೆ. ಆ ಒಂದೊಂದು ಸೆಲ್ಫ್‌ಗೂ ತಳದ ನೀರು ಪಂಪಿನ ಕಡೆ ಮುಂದೆ ಸರಿಯುತ್ತದೆ. ಡೀಸೆಲ್ ಪಂಪಿನೊಳಗೆ ಸರಿದಾಡುವ ಪ್ಲಂಜರ್‌ಗೂ ಅದರ ಕೊಳವೆಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಅಷ್ಟೇ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಆ ಸಂದಿಗೆ ಬೇರೆ ಎಣ್ಣೆ ಬಿಡುವುದಿಲ್ಲ, ಡೀಸೆಲ್ಲೇ ಅಲ್ಲಿ ಜಿಡ್ಡು. ನೀರಿಗೆ ಆ ಗುಣವಿಲ್ಲ, ಜೊತೆಗೆ ಒಂದು ರಾತ್ರಿ ನಿಂತರೆ ತುಕ್ಕು ಹಿಡಿಸುತ್ತದೆ. ಹಳೆಯ ಟ್ರ್ಯಾಕ್ಟರ್ ಪಂಪುಗಳು ಇದನ್ನು ಸ್ವಲ್ಪ ತಡೆದುಕೊಂಡಾವು. ಕಾಮನ್ ರೈಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಏರ್ಪಾಡು) ಇರುವ ಪಿಕಪ್, ಜೀಪು, ಹೊಸ ಲಾರಿಗಳು ತಡೆಯುವುದಿಲ್ಲ. ಅಲ್ಲಿ ಒತ್ತಡ 1600ರಿಂದ 2000 ಬಾರ್‌ವರೆಗೆ ಹೋಗುತ್ತದೆ. ಕಾದ ನಾಜಲ್ ತುದಿಯಲ್ಲಿ ನೀರಿನ ಹನಿ ಒಮ್ಮೆಲೇ ಉಗಿಯಾಗಿ ತುದಿಯನ್ನೇ ಒಡೆಯಬಲ್ಲದು. ಇಂಥ ಎಷ್ಟೋ ಗಾಡಿಗಳಲ್ಲಿ ಕೀಲಿ ಆನ್ ಮಾಡಿದರೆ ಸಾಕು, ಟ್ಯಾಂಕಿನೊಳಗಿನ ಪಂಪು ತಿರುಗಿ ಹೊಲಸನ್ನು ಲೈನಿಗೆ ತಳ್ಳುತ್ತದೆ. ಹಾಗಾಗಿ ಗಾಡಿಯನ್ನು ನೂಕಿಕೊಂಡು ಹೋಗಿ, ಇಲ್ಲವೇ ಕಟ್ಟಿ ಎಳೆಸಿ.

ನೀರೇ ಬಂದಿದೆಯೋ ಮತ್ತೇನೋ ಎಂದು ತಿಳಿಯಲು ಒಣಗಿದ, ಸ್ವಚ್ಛ ಗಾಜಿನ ಬಾಟಲಿ ಒಂದು ಸಾಕು. ಡ್ರೇನ್ ಪ್ಲಗ್ (ಟ್ಯಾಂಕಿನ ತಳದ ಬಿರಡೆ) ಇರುವ ಬದಿ ನಾಲ್ಕು ಬೆರಳು ಇಳಿಜಾರಾಗುವಂತೆ ಗಾಡಿ ನಿಲ್ಲಿಸಿ, ರಾತ್ರಿಯಿಡೀ ಅಲುಗಿಸಬೇಡಿ. ಬೆಳಗ್ಗೆ ತಂಪಿನಲ್ಲಿ ಪ್ಲಗ್ ಸಡಿಲಿಸಿ, ಮೊದಲು ಬರುವ ಅರ್ಧ ಲೀಟರ್ ಹಿಡಿಯಿರಿ. ಅರ್ಧ ತಾಸು ನೆಟ್ಟಗೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ಬಾಟಲಿ ಮೆಲ್ಲಗೆ ವಾಲಿಸಿದರೆ ತಳದಲ್ಲಿ ನೀರು ಪಾದರಸದ ಗುಂಡಿನ ಹಾಗೆ ಉರುಳುತ್ತದೆ, ಗುಂಡಿನ ಮೈಗೆ ಕೆಂಪು ತುಕ್ಕಿನ ಪುಡಿ ಅಂಟಿರುತ್ತದೆ. ಡೀಸೆಲ್ ತಿಳಿಯಾಗಿರದೆ ಮಜ್ಜಿಗೆ ನೀರಿನಂತೆ ಮಬ್ಬಾಗಿದ್ದರೆ ನೀರು ಹನಿಹನಿಯಾಗಿ ಬೆರೆತಿದೆ ಎಂದರ್ಥ, ಅದು ಕೆಳಗಿಳಿಯಲು ಒಂದೆರಡು ದಿನ ಬೇಕು. ನೀರೂ ಡೀಸೆಲ್ಲೂ ಕೂಡುವ ಗೆರೆಯ ಮೇಲೆ ಕಪ್ಪು ಲೋಳೆ ತೇಲುತ್ತಿದ್ದರೆ ಅದು ಬೂಷ್ಟು. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ನೀರಿನಲ್ಲಿ ಬದುಕಿ ಡೀಸೆಲ್ ತಿಂದು ಬೆಳೆಯುತ್ತವೆ. ಫಿಲ್ಟರ್ ಬಿಚ್ಚಿದಾಗ ಕಾಗದದ ಮಡಿಕೆಗಳಿಗೆ ಮೆತ್ತಿಕೊಂಡು ಜಾರುವ ಆ ಲೋಳೆ ಒಮ್ಮೆ ಕಂಡರೆ ಟ್ಯಾಂಕ್ ಇಳಿಸಿಯೇ ತೊಳೆಯಬೇಕು, ಬರೀ ಡ್ರೇನ್ ಮಾಡಿದರೆ ಅದು ಗೋಡೆಗೆ ಅಂಟಿ ಉಳಿಯುತ್ತದೆ.

ಇನ್ನು ಬೆಂಕಿಯ ಮಾತು. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇವೆ.

ಡೀಸೆಲ್‌ಗೆ ಕಡ್ಡಿ ಗೀರಿದರೂ ಬೆಂಕಿ ಹತ್ತುವುದಿಲ್ಲ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಗಟ್ಟಿಯಾಗಿ ಕೂತಿದೆ. ತಂಪು ಸೀಮೆಯಲ್ಲಿ ಅದು ಅಷ್ಟಿಷ್ಟು ನಿಜ. ಎಣ್ಣೆಯಿಂದ ಆವಿ ಎದ್ದು ಕಿಡಿಗೆ ಹತ್ತಿಕೊಳ್ಳಲು ಶುರುವಾಗುವ ಉಷ್ಣತೆಗೆ ಫ್ಲಾಶ್ ಪಾಯಿಂಟ್ ಎನ್ನುತ್ತಾರೆ. ಭಾರತೀಯ ಮಾನಕ ಐಎಸ್ 1460 ಪ್ರಕಾರ ಡೀಸೆಲ್‌ಗೆ ಇದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 42, 44 ಡಿಗ್ರಿ. ಬಿಸಿಲಿನಲ್ಲಿ ನಿಂತ ಕಬ್ಬಿಣದ ಟ್ಯಾಂಕಿನ ಮೈ ಕೈ ಇಡಲಾಗದಷ್ಟು ಕಾದಿರುತ್ತದೆ. ಬಂಕಿನಲ್ಲಿ ಸಿಗುವ ಡೀಸೆಲ್ ಈ ಕನಿಷ್ಠಕ್ಕಿಂತ ಮೇಲೆಯೇ ಇರಬಹುದು, ಆದರೆ ಅದನ್ನು ನಂಬಿ ಪಕ್ಕದಲ್ಲಿ ಬೀಡಿ ಹಚ್ಚುವ ಹಾಗಿಲ್ಲ. ಅದರಲ್ಲೂ ಡೀಸೆಲ್‌ಗೆ ಪೆಟ್ರೋಲ್ ಸ್ವಲ್ಪ ಬೆರೆತರೂ ಇಡೀ ಟ್ಯಾಂಕು ಪೆಟ್ರೋಲಿನಂತೆಯೇ ಹತ್ತಿಕೊಳ್ಳುತ್ತದೆ. ಪೆಟ್ರೋಲಿನ ಫ್ಲಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಂದರೆ ನಮ್ಮಲ್ಲಿ ಅದು ಯಾವ ಹೊತ್ತಿನಲ್ಲೂ ಹತ್ತಲು ಸಿದ್ಧ.

ಕಲಬುರಗಿ, ಬೀದರ, ಯಾದಗಿರಿಯ ಬೇಸಿಗೆಯಲ್ಲಿ ಡೀಸೆಲ್ ಟ್ಯಾಂಕನ್ನೂ ಪೆಟ್ರೋಲ್ ಟ್ಯಾಂಕ್ ಎಂದೇ ತಿಳಿದು ಕೈ ಹಾಕಿ. ಕೆಲಸವನ್ನು ಬೆಳಗಿನ ಆರರಿಂದ ಒಂಬತ್ತರೊಳಗೆ, ಇಂಜಿನ್ ಪೂರ್ತಿ ಆರಿದ ಮೇಲೆ, ಬಯಲಿನಲ್ಲಿ ಮಾಡಿ. ಶೆಡ್ಡಿನೊಳಗೆ ಬೇಡ, ಗ್ಯಾರೇಜಿನ ಗುಂಡಿಯ ಮೇಲಂತೂ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ, ಹತ್ತು ಹನ್ನೆರಡು ಮೀಟರ್ ಆಚೆಯ ಚಹಾದಂಗಡಿಯ ಒಲೆಯನ್ನೂ ಮುಟ್ಟಬಲ್ಲದು. ಸುತ್ತ 15 ಮೀಟರ್ ಒಳಗೆ ವೆಲ್ಡಿಂಗ್, ಗ್ರೈಂಡರ್, ಒಲೆ, ಜನರೇಟರ್ ಯಾವುದೂ ಚಾಲೂ ಇರಬಾರದು. ಬ್ಯಾಟರಿಯ ಮೈನಸ್ ವೈರನ್ನು ಮೊದಲೇ ಬಿಚ್ಚಿ, ತುದಿಗೆ ಅರಿವೆ ಸುತ್ತಿ ಬದಿಗಿಡಿ. ಎಣ್ಣೆ ಇಳಿಸಲು ಶುರುಮಾಡಿದ ಮೇಲೆ ಬಿಚ್ಚಿದರೆ ಆ ಟರ್ಮಿನಲ್ಲಿನ ಕಿಡಿಯೇ ಸಾಕು. ಕೈಗೆಟಕುವಲ್ಲಿ ಒಣಪುಡಿಯ 4 ಅಥವಾ 6 ಕಿಲೋ ಅಗ್ನಿಶಾಮಕ ಮತ್ತು ಎರಡು ಬಕೆಟ್ ಒಣ ಉಸುಕು ಇರಲಿ. ಉರಿಯುವ ಎಣ್ಣೆಗೆ ನೀರು ಸುರಿದರೆ ಬೆಂಕಿ ಆರುವುದಿಲ್ಲ, ನೀರಿನ ಮೇಲೆ ತೇಲಿಕೊಂಡು ಊರೆಲ್ಲ ಹರಡುತ್ತದೆ.

ಮೈಮೇಲೆ ಹತ್ತಿಯ ಬಟ್ಟೆ ಇರಲಿ. ನೈಲಾನ್, ಪಾಲಿಯೆಸ್ಟರ್ ಅಂಗಿ ಒಣಹವೆಯಲ್ಲಿ ಕಿಡಿ ಹುಟ್ಟಿಸುತ್ತದೆ, ಹತ್ತಿಕೊಂಡರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪೆಟ್ರೋಲ್ ಹಿಡಿಯುವುದು ತಗಡಿನ ಡಬ್ಬಿಯಲ್ಲೇ ಆಗಬೇಕು, ಡಬ್ಬಿ ನೆಲದ ಮೇಲೆಯೇ ಇರಬೇಕು. ಪಿಕಪ್ಪಿನ ಹಿಂದೆ ಪ್ಲಾಸ್ಟಿಕ್ ಹಾಸಿದಲ್ಲಿ ಇಟ್ಟು ತುಂಬಿಸಿದರೆ ಹರಿಯುವ ಪೆಟ್ರೋಲಿನಿಂದ ಹುಟ್ಟಿದ ವಿದ್ಯುತ್ತಿಗೆ ಭೂಮಿಗಿಳಿಯಲು ದಾರಿ ಇಲ್ಲದೆ ಡಬ್ಬಿಯ ಬಾಯಲ್ಲೇ ಕಿಡಿ ಹಾರುತ್ತದೆ. ಟ್ಯಾಂಕಿಗೂ ಡಬ್ಬಿಗೂ ತಾಮ್ರದ ವೈರಿನಿಂದ ಕ್ಲಿಪ್ ಹಾಕಿ ಕೂಡಿಸಿದರೆ ಆ ಭಯ ತಪ್ಪುತ್ತದೆ.

ಬಾಯಿಂದ ಪೈಪ್ ಎಳೆದು ಎಣ್ಣೆ ಇಳಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಐವತ್ತು ವರ್ಷ ಎಳೆದ ಕಾಕಾ ಒಬ್ಬರು ಪ್ರತಿ ಊರಲ್ಲೂ ಇರುತ್ತಾರೆ, ಅವರನ್ನು ನೋಡಿ ಹುಡುಗರೂ ಎಳೆಯುತ್ತಾರೆ. ಹೊಟ್ಟೆಗೆ ಹೋದದ್ದಕ್ಕಿಂತ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಅಪಾಯ, ಅದು ಒಳಗೆ ಸುಟ್ಟು ನ್ಯುಮೋನಿಯಾ ತರುತ್ತದೆ. ಡೀಸೆಲ್, ಪೆಟ್ರೋಲ್ ನುಂಗಿದವರಿಗೆ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು. ವಾಂತಿಯಾದರೆ ಅದೇ ಎಣ್ಣೆ ಎರಡನೇ ಸಲ ಶ್ವಾಸಕೋಶಕ್ಕೆ ಇಳಿಯಬಹುದು. ಕೂರಿಸಿಕೊಂಡು ನೇರ ಆಸ್ಪತ್ರೆಗೆ ಒಯ್ಯಿರಿ. ಕೈಪಂಪು ಬಳಸಿದರೆ ಈ ಮಾತೇ ಬರುವುದಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. ಸಾಮಾನು: ಕೈಪಂಪು, ತಗಡಿನ ಡಬ್ಬಿಗಳು, 10ರಿಂದ 19ರವರೆಗಿನ ಪಾನಾಗಳು, ಎರಡೂ ಫಿಲ್ಟರ್, ಫಿಲ್ಟರಿನ ಕೆಳಗಿನ ಬೌಲಿನ (ಬಟ್ಟಲಿನ) ರಬ್ಬರ್ ರಿಂಗು, ತಾಮ್ರದ ವಾಶರ್, ಒಂದೆರಡು ಮೀಟರ್ ಡೀಸೆಲ್ ಪೈಪು, ಕ್ಲಿಪ್ಪು, ನೈಟ್ರೈಲ್ ಕೈಗವಸು, ಹತ್ತು ಲೀಟರ್ ಸ್ವಚ್ಛ ಡೀಸೆಲ್. ಈ ಡೀಸೆಲ್ ತಂದ ಕ್ಯಾನನ್ನೂ ಬಾಟಲಿಯಲ್ಲಿ ಹಿಡಿದು ಪರೀಕ್ಷಿಸಿ. ಹೊಲಸು ಮೊದಲು ಬಂದದ್ದು ಅದೇ ಕ್ಯಾನಿನಿಂದ ಇದ್ದರೂ ಇರಬಹುದು.

ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ. ಮೊದಲ ಎರಡು ಮೂರು ಲೀಟರಿನಲ್ಲೇ ಹೆಚ್ಚಿನ ನೀರು ಬರುತ್ತದೆ, ಅದನ್ನು ನೋಡಿ "ಆಯ್ತು, ಇನ್ನೆಲ್ಲ ಛೊಲೋ ಡೀಸೆಲ್" ಎಂದು ಪ್ಲಗ್ ಮುಚ್ಚಿದರೆ ಮೂಲೆಯಲ್ಲಿ ನಿಂತ ನೀರು ಮೊದಲ ಗುದ್ದಿಗೇ ಮತ್ತೆ ನಡುವೆ ಬರುತ್ತದೆ. ಗೇಜಿನ ಫ್ಲೋಟ್ ಬಿಚ್ಚಿ ಆ ತೂತಿನಿಂದ ಒಳಗೆ ನೋಡಿ. ಬೆಳಕಿಗೆ ಸಾದಾ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬೇಡ, ಬಲ್ಬ್ ಒಡೆದರೆ ಅದೇ ಕಡ್ಡಿಪೆಟ್ಟಿಗೆ. ಕನ್ನಡಿಯಿಂದ ಬೆಳಗಿನ ಬಿಸಿಲು ಒಳಗೆ ಹಾಯಿಸಿದರೆ ತಳದ ಮೂಲೆ ಮೂಲೆ ಕಾಣುತ್ತದೆ. ಮೂರು ಲೀಟರ್ ಸ್ವಚ್ಛ ಡೀಸೆಲ್ ಹಾಕಿ, ಟ್ಯಾಂಕ್ ಇಳಿಸಿದ್ದರೆ ಅಲುಗಾಡಿಸಿ, ಇಲ್ಲವಾದರೆ ಕೈಪಂಪಿನಿಂದ ಗೋಡೆಗೆ ಹೊಡೆಯುವಂತೆ ಬಿಟ್ಟು ಹೊರಗೆ ಹಿಡಿಯಿರಿ. ಬಿಳಿ ಅರಿವೆಯ ಮೇಲೆ ಸೋಸಿ ನೋಡಿ, ಅರಿವೆ ಬೆಳ್ಳಗೆ ಉಳಿಯುವವರೆಗೆ ಇದೇ ಕೆಲಸ. ಸಾಮಾನ್ಯವಾಗಿ ಎರಡು ಮೂರು ಸಲ ಬೇಕು. ಟ್ಯಾಂಕಿನೊಳಗೆ ಅರಿವೆ ಹಾಕಿ ಒರೆಸಬೇಡಿ, ಅದರ ಎಳೆಗಳು ಬಿದ್ದು ಹೀರುವ ಪೈಪಿನ ಬಾಯಿಗೆ ಕೂತರೆ ಹೊಸ ತಕರಾರು. ಡೀಸೆಲ್ ಟ್ಯಾಂಕನ್ನು ಪೆಟ್ರೋಲಿನಿಂದ ತೊಳೆಯುವವರೂ ಇದ್ದಾರೆ. ಜಿಡ್ಡು ಬೇಗ ಬಿಡುತ್ತದೆ ನಿಜ, ಆದರೆ ಆಮೇಲೆ ಟ್ಯಾಂಕಿನೊಳಗೆ ಉಳಿಯುವುದು ಬಾಂಬು.

ಅದಕ್ಕೂ ಲೆಕ್ಕ ಇದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4 ಪ್ರತಿಶತದಿಂದ 7.6 ಪ್ರತಿಶತ ಇದ್ದಾಗ ಸ್ಫೋಟವಾಗುತ್ತದೆ. 200 ಲೀಟರ್ ಬ್ಯಾರಲ್‌ನಲ್ಲಿ ಆ ಕೆಳಗಿನ ಮಿತಿ ಮುಟ್ಟಲು ಮೂರು ಚಹಾ ಚಮಚೆಯಷ್ಟು ಪೆಟ್ರೋಲ್ ಸಾಕು. ತುಂಬಿದ ಟ್ಯಾಂಕಿನಲ್ಲಿ ಆವಿ ದಟ್ಟ, ಗಾಳಿ ಕಡಿಮೆ, ಹೀಗಾಗಿ ಸ್ಫೋಟ ಸುಲಭವಲ್ಲ. ಖಾಲಿ ಟ್ಯಾಂಕಿನಲ್ಲಿ ಎರಡೂ ಬೇಕಾದಷ್ಟು. ತೂತು ಬಿದ್ದ ಟ್ಯಾಂಕನ್ನು "ಖಾಲಿ ಅದ, ಏನಾಗ್ತದ" ಎಂದು ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಈ ಇಡೀ ಕೆಲಸದಲ್ಲಿ ಅತಿ ಅಪಾಯದ ಹೆಜ್ಜೆ. ಒಂದು ದಿನ ಬಾಯಿ ತೆರೆದಿಟ್ಟರೂ, ನೀರು ಹಾಕಿ ಕುಲುಕಿದರೂ ಜೋಡಣೆಯ ಸಂದುಗಳಲ್ಲಿ ಎಣ್ಣೆ ಉಳಿದಿರುತ್ತದೆ, ವೆಲ್ಡಿಂಗ್ ಕಾವಿಗೆ ಮತ್ತೆ ಆವಿಯಾಗುತ್ತದೆ. ಸಣ್ಣ ತೂತಿಗೆ ಟ್ಯಾಂಕಿಗೆಂದೇ ಸಿಗುವ ಎಪಾಕ್ಸಿ ಹಚ್ಚಿ, ದೊಡ್ಡದಾದರೆ ಟ್ಯಾಂಕ್ ಬದಲಿಸಿ.

ಪೈಪುಗಳನ್ನು ಎರಡೂ ತುದಿ ಬಿಚ್ಚಿ, ಫಿಲ್ಟರ್ ತೆಗೆದ ಮೇಲೆ, ಪಂಪಿನ ಕಡೆಯಿಂದ ಟ್ಯಾಂಕಿನ ಕಡೆಗೆ ಹವಾ ಊದಿ. 2 ಬಾರ್, ಅಂದರೆ ಗೇಜಿನಲ್ಲಿ 30 ಪೌಂಡಿಗಿಂತ ಹೆಚ್ಚು ಬೇಡ. ಮುಚ್ಚಿದ ಟ್ಯಾಂಕಿಗೆ ಹವಾ ಊದಬಾರದು. ಬಿರುಕು ಬಿಟ್ಟ ರಬ್ಬರ್ ಪೈಪನ್ನು ಕ್ಲಿಪ್ ಬಿಗಿಮಾಡಿ ಮುಂದುವರಿಸಬೇಡಿ: ಅಲ್ಲಿ ಡೀಸೆಲ್ ಸೋರುವುದು ಕಾಣದಿದ್ದರೂ ಇಂಜಿನ್ ಹೀರುವಾಗ ಗಾಳಿ ಒಳಗೆ ಹೋಗುತ್ತದೆ, ದಿನಕ್ಕೆರಡು ಸಲ ಏರ್ ತೆಗೆಯುವ ಕರ್ಮ ಅಂಟಿಕೊಳ್ಳುತ್ತದೆ. ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ಅದ್ದಿ, ಊದಿ ಮತ್ತೆ ಹಾಕುವುದೂ ಬೇಡ. ಒದ್ದೆಯಾಗಿ ಹಿಗ್ಗಿದ ಕಾಗದ ಊದಿದಾಗ ಕಣ್ಣಿಗೆ ಕಾಣದ ಹಾಗೆ ಹರಿಯುತ್ತದೆ, ನಮ್ಮ ಎರೆಮಣ್ಣಿನ ನುಣುಪು ಧೂಳಿಗೆ ಅಷ್ಟು ದಾರಿ ಸಾಕು. ಬೌಲಿನ ರಿಂಗಿಗೆ ಡೀಸೆಲ್ ಸವರಿ ಕೂರಿಸಿ, ತಾಮ್ರದ ವಾಶರ್ ಹೊಸದೇ ಹಾಕಿ. ಹಳೆಯದು ಒಮ್ಮೆ ಒತ್ತಿ ಚಪ್ಪಟೆಯಾಗಿದೆ, ಮತ್ತೆ ಹಿಡಿಯುವುದಿಲ್ಲ. ಕಾಮನ್ ರೈಲ್ ಗಾಡಿಯಲ್ಲಿ ಹೊಸ ಫಿಲ್ಟರಿನ ನಡುವಿನ ತೂತಿಗೆ ಡೀಸೆಲ್ ಸುರಿಯಬೇಡಿ. ಅದು ಸೋಸಿದ ಬದಿ. ಸುರಿದದ್ದು ಸೋಸದೆ ನೇರ ಪಂಪಿಗೆ ಹೋಗುತ್ತದೆ. ಒಣಗಿದ್ದನ್ನೇ ಹಾಕಿ ಪ್ರೈಮರ್‌ನಿಂದ (ಡೀಸೆಲ್ ಮುಂದೆ ದೂಡುವ ಸಣ್ಣ ಪಂಪಿನಿಂದ) ತುಂಬಿಸಿ.

ಏರ್ ತೆಗೆಯುವುದು ಟ್ಯಾಂಕಿನ ಕಡೆಯಿಂದ ಇಂಜಿನ್ ಕಡೆಗೆ. ಟ್ರ್ಯಾಕ್ಟರಿನಲ್ಲಿ ಮೊದಲ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಮಾಡಬೇಕು. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಪಂಪಿನ ಮೈಮೇಲಿನ ಸ್ಕ್ರೂ. ಕೊನೆಗೆ ನಾಜಲ್ ಕಡೆಯ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಬ್ಯಾಟರಿ ಜೋಡಿಸಿ, ಎಕ್ಸಲರೇಟರ್ ಪೂರ್ತಿ ಕೊಟ್ಟು ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ನಡುವೆ ಒಂದು ನಿಮಿಷ ಬಿಡದಿದ್ದರೆ ಸ್ಟಾರ್ಟರ್ ಸುಡುತ್ತದೆ. ಎಲ್ಲ ನಟ್ಟುಗಳಲ್ಲೂ ಡೀಸೆಲ್ ಚಿಮ್ಮಿದರೆ ನಟ್ಟು ಬಿಗಿಮಾಡಿ, ಬಿದ್ದ ಡೀಸೆಲ್ ಒರೆಸಿ, ಚಾಲೂ ಮಾಡಿ.

ಈ ನಟ್ಟು ಸಡಿಲಿಸುವ ಕ್ರಮ ಹಳೆಯ ಪಂಪಿನ ಇಂಜಿನ್‌ಗೆ ಮಾತ್ರ. ಕಾಮನ್ ರೈಲ್ ಇಂಜಿನ್‌ನಲ್ಲಿ ಸೆಲ್ಫ್ ಹೊಡೆಯುತ್ತ ಅಥವಾ ಚಾಲೂ ಇರುವಾಗ ಆ ಪೈಪ್ ಸಡಿಲಿಸಿದರೆ ಚಿಮ್ಮುವ ಎಳೆಯಂಥ ಧಾರೆ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು. ನೋವೂ ಮೊದಲು ಕಡಿಮೆ. ಒಳಗೆ ಮಾಂಸ ಸಾಯತೊಡಗುತ್ತದೆ, ತಡಮಾಡಿದರೆ ಬೆರಳು ಕತ್ತರಿಸಬೇಕಾಗುತ್ತದೆ. ಹಾಗಾದರೆ ಅದೇ ತಾಸಿನಲ್ಲಿ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ "ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಒಳಗೆ ಹೋಗಿದೆ" ಎಂದು ಇದೇ ಮಾತಿನಲ್ಲಿ ಹೇಳಿ. ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಇಂಜಿನ್ ಬಂದ್ ಮಾಡಿದ ಮೇಲೂ ಕನಿಷ್ಠ ಹತ್ತು ನಿಮಿಷ ಆ ಕಡೆ ಪಾನಾ ಹಾಕಬೇಡಿ. ಇಂಥ ಗಾಡಿಯ ನಾಜಲ್ ಕೆಲಸವನ್ನು ಪರೀಕ್ಷೆಯ ಮಷೀನು ಇರುವ ಪಂಪ್ ಮಿಸ್ತ್ರಿಗೇ ಬಿಡುವುದು ಒಳ್ಳೆಯದು.

ಚಾಲೂ ಆದ ಮೇಲೆ ಹತ್ತು ನಿಮಿಷ ಲೋಡಿಲ್ಲದೆ ಬಿಡಿ, ಒಂದು ತಾಸು ಓಡಿದ ಮೇಲೆ ಬೌಲ್ ಡ್ರೇನ್ ಮಾಡಿ ಬಾಟಲಿಯಲ್ಲಿ ನೋಡಿ. ಟ್ರ್ಯಾಕ್ಟರಿಗೆ 50 ತಾಸಿಗೆ, ಪಿಕಪ್ಪಿಗೆ ಸಾವಿರ ಕಿಲೋಮೀಟರಿಗೆ ಫಿಲ್ಟರ್ ಇನ್ನೊಮ್ಮೆ ಬದಲಿಸುವುದು ಖರ್ಚೆನಿಸಬಹುದು. ಉಳಿದ ಲೋಳೆ, ತುಕ್ಕು ಅಷ್ಟರಲ್ಲಿ ಬಿಟ್ಟುಕೊಂಡು ಬಂದಿರುತ್ತದೆ.

ಸೇಡಂ, ವಾಡಿ ಕಡೆ ಸಿಮೆಂಟ್ ಹೊರುವ ಹೊಸ ಲಾರಿಗಳಲ್ಲಿ ಬೇರೆಯೇ ಒಂದು ತಪ್ಪು ನಡೆಯುತ್ತದೆ: ಹೊಗೆಯ ವಿಷ ತಗ್ಗಿಸಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣವನ್ನು ಡೀಸೆಲ್ ಟ್ಯಾಂಕಿಗೆ ಸುರಿಯುವುದು. ನೀಲಿ ಮುಚ್ಚಳದ್ದು ಯೂರಿಯಾ ಟ್ಯಾಂಕು ಎಂದು ಗೊತ್ತಿದ್ದರೂ ರಾತ್ರಿಯ ಅವಸರದಲ್ಲಿ ಕೈ ತಪ್ಪುತ್ತದೆ. ಈ ದ್ರಾವಣ ಒಣಗಿದರೆ ಬಿಳಿ ಹರಳಾಗುತ್ತದೆ. ಹರಳು ಡೀಸೆಲ್‌ನಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಇಲ್ಲಿ ಮಾತ್ರ ಟ್ಯಾಂಕ್ ಇಳಿಸಿ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಡೀಸೆಲ್ ಹಾಕಿ ಜಾಲಿಸಬೇಕು.

ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದರೆ ಪ್ರಮಾಣದ ಲೆಕ್ಕ ಹಾಕುತ್ತ ಕೂರಬೇಡಿ, ಕಾಮನ್ ರೈಲ್ ಇದ್ದರೆ ಎರಡು ಲೀಟರ್ ಬಿದ್ದರೂ ಎಣ್ಣೆಯನ್ನೆಲ್ಲ ಇಳಿಸಿ. ಪೆಟ್ರೋಲ್ ಗಾಡಿಗೆ ಡೀಸೆಲ್ ಬಿದ್ದದ್ದು ಅಷ್ಟು ಕೆಡುಕಲ್ಲ. ಇಳಿಸಿ, ಸ್ಪಾರ್ಕ್ ಪ್ಲಗ್ ತೆಗೆದು ಒರೆಸಿ, ಸ್ವಚ್ಛ ಪೆಟ್ರೋಲ್ ಹಾಕಿದರೆ ಒಂದಿಷ್ಟು ಬಿಳಿ ಹೊಗೆ ಬಿಟ್ಟು ಸರಿಹೋಗುತ್ತದೆ.

ಮೋಟರ್‌ಸೈಕಲ್‌ಗಳಿಗೆ ನೀರು ಬರುವ ದಾರಿ ಹೆಚ್ಚಾಗಿ ಮುಚ್ಚಳದ್ದೇ. ಟ್ಯಾಂಕಿನ ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತು ಇರುತ್ತದೆ. ಬೇಸಿಗೆಯ ಧೂಳು ಅದರಲ್ಲಿ ತುಂಬಿ ಗಟ್ಟಿಯಾಗಿರುತ್ತದೆ. ಮೊದಲ ಮಳೆಗೆ ತಗ್ಗು ತುಂಬಿ, ರಬ್ಬರ್ ಸಂದಿನಿಂದ ನೀರು ಟ್ಯಾಂಕಿಗೆ ಇಳಿಯುತ್ತದೆ. ಮಳೆಗೆ ಮೊದಲು ಆ ತೂತಿಗೆ ತೆಳು ತಂತಿ ಹಾಕಿ ಬಿಡಿಸಿ, ಎರಡು ಚಮಚ ನೀರು ಬಿಟ್ಟು ಕೆಳಗೆ ಬರುತ್ತದೆಯೇ ನೋಡಿ. 2023ರ ಫೆಬ್ರವರಿಯಲ್ಲಿ ಶುರುವಾದ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲಿಗೆ ಇದು ಇನ್ನೂ ಮುಖ್ಯ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಕೂರುತ್ತದೆ. ಆಗ ಅಲುಗಾಡಿಸಿ ಓಡಿಸಿದರೆ ಸರಿಹೋಗುವುದಿಲ್ಲ, ಮೇಲಿನ ಪೆಟ್ರೋಲೂ ಕೆಟ್ಟದ್ದೇ. ಎಲ್ಲ ತೆಗೆದು, ಪೆಟ್ರೋಲ್ ಬಿಡುವ ಕಾಕಿನ ಜಾಳಿಗೆ ತೊಳೆದು, ಕಾರ್ಬ್ಯುರೇಟರ್ ಇದ್ದರೆ ಅದರ ಬೌಲಿನ ಡ್ರೇನ್ ಸ್ಕ್ರೂ ತೆರೆಯಬೇಕು. ಸೈಲೆನ್ಸರ್ ಆರಿರಲಿ. ಇಂಜೆಕ್ಷನ್ ಗಾಡಿಯಾದರೆ ಲೈನಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ, ಪೈಪ್ ಬಿಚ್ಚುವ ಮೊದಲು ಅದನ್ನು ಇಳಿಸಿ, ಸಂದಿಗೆ ಅರಿವೆ ಸುತ್ತಿ ಮೆಲ್ಲಗೆ ಬಿಚ್ಚಿ.

ತೆಗೆದ ಎಣ್ಣೆ ಚರಂಡಿಗೂ ಬೇಡ, ಹೊಲದ ಬದುವಿಗೂ ಬೇಡ, ಬಾವಿಯ ನೀರಿಗೆ ಅದು ಸೇರಿಯೇ ಸೇರುತ್ತದೆ. ಬರೀ ನೀರು ಬೆರೆತ ಡೀಸೆಲ್ಲನ್ನು ಎರಡು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನು ಸೋಸಿ ಹಳೆಯ ಪಂಪಿನ ಇಂಜಿನ್‌ಗೆ ಸ್ವಲ್ಪ ಸ್ವಲ್ಪ ಬೆರೆಸಿ ಬಳಸಬಹುದು. ಪೆಟ್ರೋಲ್ ಬೆರೆತದ್ದನ್ನು ಸ್ಟೋವಿಗೆ, ದೀಪಕ್ಕೆ ಎಂದೂ ಹಾಕಬೇಡಿ, ಯಾರಿಗೂ ಕೊಡಬೇಡಿ. ಸೀಮೆಎಣ್ಣೆ ಸ್ಟೋವಿನಲ್ಲಿ ಅದು ಸಿಡಿಯುತ್ತದೆ. ಹೆಸರು ಬರೆದ ತಗಡಿನ ಡಬ್ಬಿಯಲ್ಲಿಟ್ಟು, ಹಳೆ ಎಣ್ಣೆ ಒಯ್ಯಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡಿ. ಮನೆಯಲ್ಲಿ ಪೆಟ್ರೋಲ್ ಇಡಲು 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚಿಗೆ ಅವಕಾಶವಿಲ್ಲ ಎಂಬುದೂ ನೆನಪಿರಲಿ.

ಮತ್ತೆ ಆ ನೀರು ಎಲ್ಲಿಂದ ಬಂತು? ಟ್ಯಾಂಕು ಅರ್ಧ ಖಾಲಿ ಇದ್ದಷ್ಟೂ ಹಗಲಿನ ಬಿಸಿಗೆ ಗಾಳಿ ಹೊರಗೆ ಹೋಗಿ, ರಾತ್ರಿಯ ತಂಪಿಗೆ ಹಸಿಗಾಳಿ ಒಳಗೆ ಬಂದು ಗೋಡೆಗೆ ಬೆವರುತ್ತದೆ. ಬೀದರ ಕಡೆ ಚಳಿಗಾಲದಲ್ಲಿ ಇದು ಹೆಚ್ಚು. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಟ್ಟರೆ ಬೆವರಲು ಜಾಗವೇ ಇರುವುದಿಲ್ಲ. ಹೊಲದ ಮನೆಯಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ ಇನ್ನೂ ದೊಡ್ಡ ಕಳ್ಳ. ಮೇಲಿನ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ, ರಾತ್ರಿ ಬ್ಯಾರಲ್ ತಣ್ಣಗಾಗಿ ಉಸಿರೆಳೆದಾಗ ಬಿರಡೆಯ ಎಳೆಗಳಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ನೆರಳಿನಲ್ಲಿ, ಕಟ್ಟಿಗೆಯ ದಿಮ್ಮಿಗಳ ಮೇಲೆ ಅಡ್ಡ ಮಲಗಿಸಿ, ಎರಡೂ ಬಿರಡೆ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಇಡಿ. ಸತುವಿನ ಲೇಪದ ಡಬ್ಬಿ ಡೀಸೆಲ್‌ಗೆ ಬೇಡ, ಸತು ಕರಗಿ ಫಿಲ್ಟರಿನಲ್ಲಿ ಸಾಬೂನಿನಂತೆ ಕೂರುತ್ತದೆ. ಬ್ಯಾರಲ್ ನಿಲ್ಲಿಸಿ ಕೈಪಂಪು ಹಾಕುವುದಾದರೆ ಒಂದು ದಿನ ಅಲುಗಿಸದೆ ಬಿಟ್ಟು, ಪೈಪಿನ ಬಾಯಿ ತಳದಿಂದ ಮೂರು ಬೆರಳು ಮೇಲಿರುವಂತೆ ಕತ್ತರಿಸಿ. ಆ ಮೂರು ಬೆರಳಿನ ಡೀಸೆಲ್ಲನ್ನು ಟ್ರ್ಯಾಕ್ಟರಿಗೆ ಹಾಕಬೇಡಿ.

ಬಂಕಿನ ಮೇಲೆ ಸಂಶಯ ಬಂದರೆ ಅಲ್ಲೇ ಕೇಳಬಹುದು. ಪೆಟ್ರೋಲಿಗೆ ಫಿಲ್ಟರ್ ಕಾಗದದ ಪರೀಕ್ಷೆ, ಡೆನ್ಸಿಟಿ (ಸಾಂದ್ರತೆ) ನೋಡುವುದು, 5 ಲೀಟರ್ ಮಾಪಿನಲ್ಲಿ ಅಳೆಯುವುದು ಗಿರಾಕಿಯ ಹಕ್ಕು. ಕಾಗದದ ಮೇಲೆ ಹಾಕಿದ ಒಂದು ಹನಿ ಪೆಟ್ರೋಲ್ ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರಬೇಕು. ತುಂಬಿಸಿಕೊಂಡ ಬಿಲ್ಲು ಮತ್ತು ಟ್ಯಾಂಕಿನಿಂದ ಹಿಡಿದ ಆ ಅರ್ಧ ಲೀಟರ್ ಬಾಟಲಿ, ತಾರೀಖು ಬರೆದು ಬಾಯಿ ಬಿಗಿದು, ನೆರಳಿನಲ್ಲಿ ಎತ್ತಿಟ್ಟುಕೊಳ್ಳಿ.